ದೊರೆ ಡಾಕ್ಟರನ ಶಿಷ್ಯ

ನೆಗಡಿಯೆಂದು ಬಂದವನನ್ನೂ ಹಮೀದಾಕ ಮೊದಲು ಕೇಳುತ್ತಿದ್ದುದು ಅವನ ಕೆಲಸದ ಬಗ್ಗೆ. ಕೈಯಲ್ಲಿ ಏನೇನು ಮುಟ್ಟುತ್ತೀಯ, ಎಲ್ಲಿ ಮಲಗುತ್ತೀಯ, ಅಡುಗೆ ಯಾರು ಮಾಡುತ್ತಾರೆ, ಇಷ್ಟೂ ಆದಮೇಲೆ ಥರ್ಮಾಮೀಟರ್. ಇಪ್ಪತ್ತು ವರ್ಷದ ಹಿಂದಿನ ಮಾತು. ಕೊಲ್ಲಿ ದೇಶದ ವಾದಿ ಅದಾಯ್‌ನ ಕ್ಲಿನಿಕ್ಕಿನಲ್ಲಿ ಅವರು ವಯಸ್ಸಾದ ಕಾಂಪೌಂಡರು, ನಾನು ರಕ್ತ ಪರೀಕ್ಷೆ ಮಾಡುವವನು. ಹೊರಗೆ ಸಾಲು ಬೆಳೆಯುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಚಾಳಿಗೆ ಕಾರಣ ಒಂದು ಪುಸ್ತಕ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ವೈದ್ಯನೊಬ್ಬ, ಹಮೀದಾಕರ ಬಾಯಲ್ಲಿ ‘ದೊರೆ’, ತನ್ನ ರೋಗಿಗಳ ಬಗ್ಗೆ ಬರೆದಿಟ್ಟದ್ದು. ಮಂಗಳೂರಿನಲ್ಲಿ ಅವರು ಮೊದಲು ಕೆಲಸಕ್ಕಿದ್ದ ಕಡೆಯ ಡಾಕ್ಟರು ಕೊಟ್ಟಿದ್ದರಂತೆ. ರಟ್ಟು ಕಿತ್ತುಹೋಗಿ, ಹಳೇ ಎಕ್ಸ್‌ರೇ ಹಾಳೆಯನ್ನೇ ಹೊದಿಕೆ ಮಾಡಿದ್ದರು. ಜಿಗಣೆ, ಪಾದರಸ ಎಂದೆಲ್ಲ ಓದಿ ನಾನು ನಗುತ್ತಿದ್ದೆ.

“ದೊರೆಯ ಮದ್ದು ಬೇಡ ಮಾರಾಯ್ರೆ, ಅದು ಕುಡ್ದು ಬದ್ಕಿದವನೇ ಗಟ್ಟಿ” ಎನ್ನುತ್ತಿದ್ದರು ಹಮೀದಾಕ. “ಅವ ಕೇಳುದು ನೋಡಿ. ಒಬ್ಬ ಪೇಂಟರ್‌ನ ಹೊಟ್ಟೆನೋವಿಗೆ ಎರಡು ಪುಟ ಬರ್ದಿದ್ದಾನೆ. ನಾವು ಎರಡು ಗೆರೆ ಬರಿತೇವಾ?”

ಹಳೇ ಬ್ಯಾಟರಿ ಒಡೆಯುವ ವರ್ಕ್‌ಶಾಪಿನ ಬಿಹಾರಿಯೊಬ್ಬ ಹೊಟ್ಟೆ ಹಿಡಿದುಕೊಂಡು ಮೂರನೇ ಸಲ ಬಂದ. ಹಮೀದಾಕ ಇಲ್ಲದ ಹೊತ್ತಿಗೆ ಬಂದಿದ್ದ ಹಿಂದಿನ ಎರಡು ಸಲವೂ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದ್ದೆವು. ಅವನ ಕೆಲಸ ಕೇಳಿದ ಹಮೀದಾಕ ತುಟಿ ಎತ್ತಿಸಿ ವಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿ ಗೆರೆ. “ಸೀಸದ ವಿಷ! ದೊರೆ ಆ ಪೇಂಟರ್‌ಗೆ ಬರ್ದದ್ದೇ!” ಎಂದು ಪುಸ್ತಕ ಹಿಡಿದು ಡಾಕ್ಟರ ಕೋಣೆಗೆ ನುಗ್ಗಿದರು. ದೊಡ್ಡಾಸ್ಪತ್ರೆಯ ಪರೀಕ್ಷೆಯಲ್ಲೂ ಅದೇ ಬಂತು. ಆ ಮನುಷ್ಯ ಉಳಿದುಕೊಂಡ.

ಉಳಿಯದೆ ಹೋದದ್ದು ಹಮೀದಾಕರ ಕೆಲಸ. ಅವರು ಅಲ್ಲಿಗೇ ಬಿಡದೆ ಆ ವರ್ಕ್‌ಶಾಪಿನ ಎಲ್ಲರನ್ನೂ ಕರೆಸಿ ವಸಡು ನೋಡತೊಡಗಿದರು. ಮಾಲೀಕ ಸಿಟ್ಟಾಗಿ ತನ್ನ ಕೆಲಸದವರನ್ನೆಲ್ಲ ಬೇರೆ ಕ್ಲಿನಿಕ್ಕಿಗೆ ಕಳಿಸಿದ. ನಮ್ಮ ಕ್ಲಿನಿಕ್ಕಿನ ಮ್ಯಾನೇಜರ್ ನನ್ನನ್ನು ಕರೆದು, ಮುದುಕನ ಪ್ರಶ್ನೆಗಳಿಂದ ಕೆಲಸ ತಡವಾಗುತ್ತದೆಯೇ ಎಂದು ಕೇಳಿದ. ಆ ದಿನ ಬೆಳಿಗ್ಗೆಯಿಂದ ಮೆಡಿಕಲ್ ಟೆಸ್ಟಿಗೆಂದು ಎರಡು ಬಸ್ಸು ತುಂಬ ಬಂದ ಕೆಲಸಗಾರರ ರಕ್ತ ತೆಗೆದಿದ್ದೆ. ಸಾಕುಸಾಕಾಗಿತ್ತು. “ಆಗುತ್ತೆ” ಎಂದೆ. ಬ್ಯಾಟರಿಯವನ ಜೀವ ಉಳಿಸಿದ್ದೂ ಅದೇ ಪ್ರಶ್ನೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಈಗಲೂ ನಾಚಿಕೆಯಾಗುತ್ತದೆ.

ಹಮೀದಾಕರ ವೀಸಾ ಕ್ಯಾನ್ಸಲ್ ಆಯಿತು. ಊರಿಗೆ ಹೊರಡುವ ದಿನ ಹಮೀದಾಕ ಲ್ಯಾಬಿಗೆ ಬಂದರು. ನಾನು ಹೇಳಿದ್ದನ್ನು ಮ್ಯಾನೇಜರ್ ಅವರಿಗೆ ತಿಳಿಸಿದ್ದ. ಬೈಯುತ್ತಾರೆಂದು ನಾನು ತಲೆಯೆತ್ತದೆ ಟ್ಯೂಬುಗಳಿಗೆ ಲೇಬಲ್ ಅಂಟಿಸುತ್ತಿದ್ದೆ. ಅವರು ಸ್ಟೂಲ್ ಎಳೆದುಕೊಂಡು, ರೋಗಿಯ ಮುಂದೆ ಕೂರುವ ಹಾಗೆ, ಎದುರು ಕೂತರು.

“ನಿಮ್ಗೆ ನಿದ್ದೆ ಬರ್ತದಾ?”

“ಬರುತ್ತೆ.”

“ಊಟ ಸೇರ್ತದಾ?”

“ಹ್ಞೂಂ.”

“ಎಷ್ಟು ಸಮಯ ಆಯ್ತು ಮಾರಾಯ್ರೆ, ಹೀಗೆ ಸುಸ್ತು?”

ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟೆ. ಹೊರಗೆ ಅವರನ್ನು ಏರ್‌ಪೋರ್ಟಿಗೆ ಒಯ್ಯಲು ಬಂದ ಟ್ಯಾಕ್ಸಿಯವನು ಮತ್ತೆ ಮತ್ತೆ ಹಾರ್ನ್ ಹೊಡೆದ. ಹಮೀದಾಕ ಏಳಲಿಲ್ಲ. ನನ್ನ ಉತ್ತರಕ್ಕೆ ಕಾದೇ ಕೂತರು.