ಹಸುವಿನ ಕಣ್ಣನ್ನೇ ಹುಡುಕಿದ ಕ್ಯಾಮೆರಾ

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಶಾಂತಮೂರ್ತಿಯ ಸ್ಟುಡಿಯೊ ಇದೆ. ಹನೂರು, ಯಳಂದೂರು ಕಡೆಯ ಮದುವೆ, ನಾಮಕರಣ, ಗೃಹಪ್ರವೇಶಗಳಿಗೂ ಅವನೇ ಹೋಗುತ್ತಾನೆ. ಬಾಯಿ ತುಂಬ ಅನ್ನ ಇಟ್ಟುಕೊಂಡವರ ಫೋಟೊ ತೆಗೆಯಬಾರದೆಂಬ ನೇಮ ಅವನದು. ಅದಕ್ಕೇ ಹೆಂಗಸರಿಗೆಲ್ಲ ಅವನೆಂದರೆ ಇಷ್ಟ. ಕ್ಯಾಮೆರಾ ಮಾತ್ರ ಹಳೆಯದು. ಹಿಡಿಯ ರಬ್ಬರ್ ಕಿತ್ತುಹೋಗಿ ಅಲ್ಲಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದ. ಚಿತ್ರ ಚೆನ್ನಾಗಿಯೇ ಬರುತ್ತಿದ್ದುದರಿಂದ ಆ ಬಗ್ಗೆ ಅವನು ತಲೆ ಕೆಡಿಸಿಕೊಂಡಿರಲಿಲ್ಲ.

ತಲೆ ಕೆಡಿಸಿದವನು ಮಾಂಬಳ್ಳಿಯ ಒಬ್ಬ ಮದುವೆ ಗಂಡು. ಸ್ಟುಡಿಯೊದಲ್ಲಿ ಹಿಂದಿನ ಮದುವೆಗಳ ಆಲ್ಬಂ ತಿರುವಿ ತಲೆದೂಗಿದವನು ಮೇಜಿನ ಮೇಲಿದ್ದ ಕ್ಯಾಮೆರಾ ಕಂಡದ್ದೇ ಎದ್ದು ನಿಂತ.

“ಇದ್ರಲ್ಲಾ ಸಾ ತೆಗೆಯೋದು?”

“ಫೋಟೊ ಚೆನ್ನಾಗದೆ ಅಂದ್ಯಲ್ಲಪ್ಪ?”

“ಫೋಟೊ ಆಮೇಕೆ ಬತ್ತದೆ ಸಾ. ಕ್ಯಾಮ್ರಾ ಮದ್ವೆ ದಿಸ್ವೇ ಎಲ್ರಿಗೂ ಕಾಣ್ತದಲ್ಲ!”

ಆ ಮದುವೆ ಬೇರೆಯವರ ಪಾಲಾಯಿತು. ಶಾಂತಮೂರ್ತಿ ಮರುವಾರವೇ ಮೈಸೂರಿನ ಬಸ್ಸು ಹತ್ತಿದ. ಅಂಗಡಿಯವನು ಹೊಸ ಕ್ಯಾಮೆರಾವನ್ನು ಮಗುವಿನಂತೆ ಎತ್ತಿ ತೋರಿಸಿದ. “ನೀವು ಸುಮ್ನೆ ಹಿಡ್ಕೊಂಡಿದ್ರೆ ಸಾಕು ಸಾರ್. ಕಣ್ಣೆಲ್ಲಿದೆ ಅಂತ ಅದೇ ಹುಡುಕುತ್ತೆ. ಮನುಷ್ಯರದ್ದು, ಪ್ರಾಣಿಗಳದ್ದು, ಯಾವುದು ಬೇಕೋ ಆರಿಸ್ಕೊಳ್ಳಿ.”

ಮನೆಯಲ್ಲಿ ಫ್ರಿಜ್ಜಿಗೆಂದು ಕೂಡಿಟ್ಟದ್ದು ಹೀಗೆ ಕ್ಯಾಮೆರಾ ಆಯಿತು. ಹೆಂಡತಿ ರಾಣಿ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಇದ್ರೊಳಕ್ಕೆ ಮೊಸ್ರು ಇಡಕ್ಕಾಯ್ತದಾ?” ಎಂದು ಕೇಳಿ ವಾಪಸು ಕೊಟ್ಟಳು.

ಹೊಸದನ್ನು ಪರೀಕ್ಷಿಸಲು ಮನೆಯಲ್ಲಿ ಯಾರೂ ಮುಖ ಕೊಡಲಿಲ್ಲ. ಶಾಂತಮೂರ್ತಿ ಕ್ಯಾಮೆರಾವನ್ನು ಪ್ರಾಣಿಗಳಿಗೆ ಹೊಂದಿಸಿಕೊಂಡು ಬೀದಿ ನಾಯಿಗಳ ಹಿಂದೆ ಅಲೆದ. ಓಡುವ ನಾಯಿಯ ಕಣ್ಣೂ ಫಳಫಳ ಬಂದಿತ್ತು. ಖುಷಿಯಲ್ಲಿ ಕ್ಯಾಮೆರಾವನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಮರುದಿನ ಅಜ್ಜೀಪುರಕ್ಕೆ ಹೊರಟ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಗುರುಸಿದ್ದಯ್ಯನವರ ಹೊಸ ಮನೆಯ ಗೃಹಪ್ರವೇಶ ಅಂದು.

ಮೊದಲು ಅವರ ಹಸು ಗೌರಿ ಹೊಸ್ತಿಲು ದಾಟಿತು. ಹಿಂದೆ ರೇಷ್ಮೆ ಪಂಚೆಯಲ್ಲಿ ಗುರುಸಿದ್ದಯ್ಯ, ಪಕ್ಕದಲ್ಲಿ ಕೆಂಪು ಸೀರೆಯ ಹೆಂಡತಿ ಶಿವರತ್ನಮ್ಮ. ಕ್ಯಾಮೆರಾದ ಪರದೆಯಲ್ಲಿ ಹಸಿರು ಚೌಕವೊಂದು ಯಾವುದೋ ಕಣ್ಣಿನ ಮೇಲೆ ಕೂತು ಬಿಡದೆ ಹಿಂಬಾಲಿಸುತ್ತಿತ್ತು. ಯಾರ ಕಣ್ಣು ಎಂದು ನೋಡುವಷ್ಟು ವ್ಯವಧಾನ ಶಾಂತಮೂರ್ತಿಗೆ ಇರಲಿಲ್ಲ. ಜನರೆಲ್ಲ ಕ್ಯಾಮೆರಾ ನೋಡುತ್ತಿದ್ದರು, ಅವನು ಜನ ನೋಡುವುದನ್ನು ನೋಡುತ್ತಿದ್ದ.

ಸ್ಟುಡಿಯೊಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ. ಗೌರಿಯ ರೆಪ್ಪೆಯ ಕೂದಲು ಒಂದೊಂದೂ ಕಾಣುತ್ತಿತ್ತು. ಮನೆಯ ಯಜಮಾನರು ಮಾತ್ರ ಮಸುಕು. ಹಾಲು ಉಕ್ಕಿಸುವ ಫೋಟೊದಲ್ಲಿ ಶಿವರತ್ನಮ್ಮನೂ ಹಾಲೂ ಒಂದಾಗಿ ಕಲಸಿಹೋಗಿ, ಕಿಟಕಿಯಲ್ಲಿ ಆಸೆಯಿಂದ ಕೂತಿದ್ದ ಬೆಕ್ಕು ಮಾತ್ರ ನಿಚ್ಚಳವಾಗಿತ್ತು. ಪ್ರಾಣಿಯಿಂದ ಮನುಷ್ಯರಿಗೆ ಬದಲಾಯಿಸುವುದನ್ನೇ ಮರೆತಿದ್ದ.

“ಕ್ಯಾಮ್ರಾದ ಕಾರ್ಡು ಕೆಟ್ಟೋಯ್ತು ಅಂದ್ಬುಡ್ಲಾ?” ಎಂದು ಹೆಂಡತಿಯನ್ನು ಕೇಳಿದ.

“ಓಗಿ ಒಪ್ಕಳಿ. ಸುಳ್ಳೇಳಿದ್ರೆ ನಿಮ್ ಮೂತೀಲೇ ಗೊತ್ತಾಯ್ತದೆ ಕಣ್ರಿ,” ಎಂದಳು ರಾಣಿ.

ಅಜ್ಜೀಪುರದಲ್ಲಿ ಫೋಟೊ ನೋಡಲು ಮನೆಮಂದಿಯೆಲ್ಲ ಟೀವಿಯ ಮುಂದೆ ಕೂತರು. ಮೊದಲ ಫೋಟೊ ಬಂತು. ಗುರುಸಿದ್ದಯ್ಯ ಕನ್ನಡಕ ಒರೆಸಿ ಹಾಕಿಕೊಂಡರು.

“ಅಸೀನ ಇಂದೆ ಬೆಳ್ಳಗೆ ಮೋಡದಂಗೆ ಕಾಣ್ತದಲ್ಲ, ಅದೇನಪ್ಪ?”

“ಅದು... ತಾವು ಸಾ.”

ಗುರುಸಿದ್ದಯ್ಯನವರ ತಾಯಿ ಚಿಕ್ಕಬಸಮ್ಮ ಟೀವಿಯ ಹತ್ತಿರಕ್ಕೇ ಸರಿದು ಕೂತಿದ್ದರು. “ನಮ್ ಗೌರಿ ನೋಡ್ಲಾ ಗುರುಸಿದ್ದ! ಮದುವಣಗಿತ್ತಿ ಇದ್ದಂಗವ್ಳೆ!”

“ಅವ್ವಾ, ಮನೆ ಕಟ್ಸಿದ್ದು ನಾನು!”

“ಆಲು ಕೊಟ್ಟಿದ್ದು ಅವ್ಳು. ಇದ್ನ ದೊಡ್ದಾಗಿ ಕಟ್ಟಾಕ್ಸಪ್ಪ ಪೋಟೊದೋನೆ.”

ಶಾಂತಮೂರ್ತಿ ತಪ್ಪು ಒಪ್ಪಿಕೊಂಡ. ಸೋಮವಾರ ಎಲ್ಲ ಮತ್ತೆ ಮಾಡಿದರೆ ಮತ್ತೆ ತೆಗೆದುಕೊಡುತ್ತೇನೆ ಎಂದ. ಮತ್ತೆ ಮರೆತೇನೆಂಬ ಭಯಕ್ಕೆ ಸೋಮವಾರ ಅವನು ಚೀಲದಿಂದ ತೆಗೆದದ್ದು ಹಳೆಯ ಕ್ಯಾಮೆರಾ. ಗುರುಸಿದ್ದಯ್ಯನವರಿಗೆ ಅವಮಾನವಾಯಿತು.

“ಅಸೀಗೆ ಒಸ್ದು, ನಂಗೆ ಟ್ಯೂಬ್ ಸುತ್ತಿರೋದಾ?”

ಶಾಂತಮೂರ್ತಿ ಹೊಸದನ್ನು ಕೊರಳಿಗೆ ಹಾಕಿಕೊಂಡು, ಹಳೆಯದನ್ನು ಕಣ್ಣಿಗೆ ಹಿಡಿದ. ಯಜಮಾನರಿಗೆ ಸಮಾಧಾನವಾಯಿತು. ಗೌರಿಗೆ ಮಾತ್ರ ಎರಡನೆಯ ಸಲ ಒಳಗೆ ಹೋಗಲು ಕಾರಣ ಕಾಣಲಿಲ್ಲ. ಹೊಸ್ತಿಲಲ್ಲಿ ಕಾಲೂರಿ ನಿಂತಿತು. ಗುರುಸಿದ್ದಯ್ಯ ಹಿಂದಿನಿಂದ ಹೆಗಲು ಕೊಟ್ಟು ತಳ್ಳಿದರು. ಒಳಗಿನಿಂದ ಚಿಕ್ಕಬಸಮ್ಮ ಬಾಳೆಹಣ್ಣು ತೋರಿಸಿದ್ದೇ ತಡ, ಹಸು ಛಂಗನೆ ಒಳಗೆ ನುಗ್ಗಿತು. ಯಜಮಾನರು ರೇಷ್ಮೆ ಪಂಚೆ ಸಮೇತ ಹೊಸ್ತಿಲ ಮೇಲೆ ಮುಗ್ಗರಿಸಿ ಬಿದ್ದರು. ಹಳೆಯ ಕ್ಯಾಮೆರಾ ಕ್ಲಿಕ್ಕೆಂದಿತು.

ಆ ಫೋಟೊ ಆಲ್ಬಮ್ಮಿನಲ್ಲಿ ಇರಕೂಡದೆಂದು ಗುರುಸಿದ್ದಯ್ಯ ಕಟ್ಟಪ್ಪಣೆ ಮಾಡಿದರು. ಶಿವರತ್ನಮ್ಮ ಅದನ್ನು ತಮ್ಮ ಫೋನಿಗೆ ಹಾಕಿಸಿಕೊಂಡು, ಸಂಜೆಯೊಳಗೆ ತವರಿನವರಿಗೆಲ್ಲ ಕಳಿಸಿಯಾಗಿತ್ತು.

ಗೌರಿಯ ಫೋಟೊ ಕಟ್ಟು ಹಾಕಿಸಿಕೊಂಡು ಹಜಾರದ ಗೋಡೆಗೆ ಏರಿತು. ನೋಡಲು ಬಂದವರಲ್ಲಿ ರಾಮಾಪುರದ ಮಾದಸ್ವಾಮಿ ಒಬ್ಬ. ಅವನು ಮನೆಗೆ ಹೋದವನೇ ಶಾಂತಮೂರ್ತಿಗೆ ಫೋನು ಮಾಡಿದ. “ನಮ್ ಎತ್ತಿಗೂ ಅಂಥದ್ದೊಂದು ತೆಗೀಬೇಕು ಸಾ.” ಅಲ್ಲಿಂದ ಒಬ್ಬೊಬ್ಬರಾಗಿ ಕರೆಯತೊಡಗಿದರು. ಹಸು, ಎತ್ತು, ಒಂದು ಸಲ ಟಗರು. ಹೊಸ ಕ್ಯಾಮೆರಾಕ್ಕೆ ಕೈತುಂಬ ಕೆಲಸವಾಯಿತು. ಮದುವೆಗಳಿಗೆ ಅದು ಕೊರಳಲ್ಲಿ ತೂಗಿಕೊಂಡು ಬರುತ್ತದೆ ಅಷ್ಟೇ.

ರಾಮಾಪುರಕ್ಕೆ ಹೋದ ದಿನ ಮಾದಸ್ವಾಮಿ ಹೊಸ ಅಂಗಿ ತೊಟ್ಟು, ಮೀಸೆ ತೀಡಿ, ಎತ್ತಿನ ಪಕ್ಕ ನಿಂತಿದ್ದ. ಕ್ಯಾಮೆರಾ ಎತ್ತಿದೊಡನೆ ನಾಚಿ ಪಕ್ಕಕ್ಕೆ ಸರಿದ. “ಎತ್ತೊಂದ್ನೇ ತೆಗೀರಿ ಸಾ. ನನ್ ಯಾರ್ ನೋಡಾರು?”

“ನಿಂತ್ಕೊಳಪ್ಪ ಸುಮ್ನೆ,” ಎಂದು ಶಾಂತಮೂರ್ತಿ ಅವನ ತೋಳು ಹಿಡಿದು ಎತ್ತಿನ ಕೊರಳ ಬಳಿ ನಿಲ್ಲಿಸಿದ. ಎತ್ತಿಗೆ ಹೊಸದರಲ್ಲಿ ಒಂದು ತೆಗೆದ. ಆಮೇಲೆ ಚೀಲ ಬಿಚ್ಚಿ, ಮಾದಸ್ವಾಮಿಗೆ ಹಳೆಯದರಲ್ಲಿ ಇನ್ನೊಂದು.