ಕುರ್ಚಿ ಮೇಲೆ ನಿಂತು ಹಾವು ಗುರುತಿಸುತ್ತಿದ್ದ ಮಾವ

ಮೊನ್ನೆ ಆಲ್ದೂರಿನ ಅಂಗಡಿಯಲ್ಲಿ ತೂಗುಹಾಕಿದ್ದ ಗಂಬೂಟುಗಳಿಂದ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ತೋಟದ ಮಾವ ನೆನಪಾದರು. ಸಂಬಂಧದಲ್ಲಿ ಅವರು ನಮಗೇನೂ ಆಗಬೇಕಿರಲಿಲ್ಲ. ಇಬ್ಬರಿಗೂ ಬೇಲಿ ಒಂದೇ ಆದ್ದರಿಂದ ಮಾವ. ಮಳೆಯಿರಲಿ, ಬಿಸಿಲಿರಲಿ, ಮೊಣಕಾಲುದ್ದದ ಗಂಬೂಟು ಇಲ್ಲದೆ ಅಂಗಳಕ್ಕೆ ಇಳಿದವರಲ್ಲ. ಒಂದು ಮದುವೆಗೂ ರೇಷ್ಮೆ ಪಂಚೆಯ ಕೆಳಗೆ ಅದನ್ನೇ ಹಾಕಿಕೊಂಡು ಬಂದಿದ್ದರು. ಅವರ ಹೆಂಡತಿ ಅವತ್ತು ಅವರ ಪಂಕ್ತಿಯಲ್ಲಿ ಊಟಕ್ಕೆ ಕೂರಲೇ ಇಲ್ಲ.

ಕಾರಣ ಹಾವಿನ ಭಯ. ಎಂಥಾ ಭಯ ಅಂತೀರಿ! ನೀರಿನ ಪೈಪನ್ನು ಸುರುಳಿ ಸುತ್ತಿಟ್ಟರೂ ಆಳುಗಳಿಗೆ ಬೈಯುತ್ತಿದ್ದರು. ಆದರೆ ವಿಚಿತ್ರ ನೋಡಿ, ಸುತ್ತಿನ ತೋಟಗಳಲ್ಲೆಲ್ಲ ಹಾವು ಗುರುತಿಸಲು ಕರೆಯುತ್ತಿದ್ದದ್ದು ಅವರನ್ನೇ. ಹೆದರಿಕೆಗೇ ಪುಸ್ತಕ ತರಿಸಿ ತರಿಸಿ ಓದಿ, ಒಂದರಂತೆ ಒಂದು ಕಾಣುವ ಹಾವುಗಳ ವ್ಯತ್ಯಾಸವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಹತ್ತಿರ ಮಾತ್ರ ಬರುತ್ತಿರಲಿಲ್ಲ. ತಮ್ಮ ಜಗಲಿಯಲ್ಲಿ, ಅದೂ ಕುರ್ಚಿ ಹತ್ತಿ ನಿಂತು, ಅಲ್ಲಿಂದಲೇ ಕೂಗಿ ಕೇಳುತ್ತಿದ್ದರು: "ಬಾಲ ಮೊಂಡಾ, ಚೂಪಾ? ಮಚ್ಚೆ ಬಿಡಿಬಿಡಿಯಾಗಿದ್ಯಾ, ಒಂದಕ್ಕೊಂದು ಅಂಟ್ಕಂಡಿದ್ಯಾ? ಸರಿಯಾಗಿ ನೋಡಿ ಹೇಳಿ ಮಾರಾಯ್ರೆ!"

ಈ ಕಡೆಯಿಂದ ನಾವು ಉತ್ತರ ಕೂಗಬೇಕು. ಹಾಗೆ ಅದೆಷ್ಟು ಹೆಬ್ಬಾವಿನ ಮರಿಗಳು ಕೊಳಕುಮಂಡಲವೆಂಬ ಅಪವಾದದಿಂದ ಪಾರಾಗಿ ಕಾಡು ಸೇರಿದವೋ... ನಾನಂತೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. "ನಗಾಡು, ನಗಾಡು. ಒಂದಿನ ನಿನ್ನ ಒಲೆ ಕೆಳಗೇ ಬಂದು ಮಲಗುತ್ತೆ, ಆಗ ಕರಿ ನನ್ನ" ಅನ್ನುತ್ತಿದ್ದರು.

ಒಂದು ವರ್ಷ ಕಾಫಿ ಒಣಗಿಸುವ ಕಣ ಸರಿಮಾಡಿಸಲು ಬಯಲುಸೀಮೆಯಿಂದ ಒಂದು ಲಾರಿ ಮರಳು ತರಿಸಿದ್ದೆವು. ಬೆಳಿಗ್ಗೆ ಮರಳಿಗೆ ಹೊದಿಸಿದ್ದ ಟಾರ್ಪಾಲು ಎತ್ತಲು ಕೈ ಹಾಕಿದ ನನ್ನ ತಂಗಿ ಕಿಟಾರನೆ ಕಿರುಚಿದಳು. ಅಂಗೈ ಅಂಚಿನಲ್ಲಿ ರಕ್ತ. ಕೆಳಗೆ ಗಿಡ್ಡನೆಯ, ದಪ್ಪನೆಯ, ಮೈತುಂಬ ಕಂದು ಮಚ್ಚೆಯ ಹಾವು. ತೋಟದ ಲೆಕ್ಕ ಬರೆಯುವ ರೈಟರು ಕಾಫಿ ಕೊಯ್ಯುವ ಕುಕ್ಕೆಯನ್ನೇ ಅದರ ಮೇಲೆ ಕವುಚಿ ಕಲ್ಲು ಹೇರಿದರು. "ಕೊಳಕುಮಂಡಲ ಕಣ್ರಮ್ಮ" ಎಂದ ಕಣದ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ. ಆ ಹಾವು ಕಚ್ಚಿ ಉಳಿಯದವರನ್ನು ನಾನು ನೋಡಿದ್ದೆ.

ಮಾವ ಜಗಲಿಯಿಂದ ಆಗಲೇ ಕೂಗುತ್ತಿದ್ದರು. ಬಾಲದ ವಿಚಾರವಲ್ಲ. "ಮೊದ್ಲು ಅವಳನ್ನ ಜೀಪಿಗೆ ಹತ್ಸಿ! ನಡಿಸ್ಬೇಡಿ! ಹಾವು ಆಮೇಲೆ ನೋಡನ!"

ಜೀಪು ಗೇಟು ದಾಟುವಾಗ ಹಿಂತಿರುಗಿ ನೋಡಿದೆ. ಮಾವ ಕುರ್ಚಿ ಇಳಿದು, ಬೇಲಿ ದಾಟಿ, ನಮ್ಮ ಕಣದತ್ತ ಓಡಿ ಬರುತ್ತಿದ್ದರು. ಬರಿಗಾಲಲ್ಲಿ.

ಚಿಕ್ಕಮಗಳೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಮಾವನ ಫೋನು ಬಂತು. "ಮಣ್ಣುಮುಕ್ಕ ಕಣೇ, ಮಣ್ಣುಮುಕ್ಕ! ಮಂಡಲ ಆಗಿದ್ರೆ ಮಚ್ಚೆ ಸರಪಣಿ ಥರ ಸಾಲಾಗಿರ್ತಿತ್ತು, ಕುಕ್ಕರ್ ಥರ ಬುಸ್ ಅಂತಿತ್ತು. ಇದ್ರದ್ದು ಎಲ್ಲ ಅಂಟ್ಕಂಡಿದೆ. ಬಾಲ ಮೊಂಡ, ಕುತ್ತಿಗೆನೇ ಇಲ್ಲ. ಮರಳಿನ ಜೊತೆ ಲಾರೀಲಿ ಬಂದಿದೆ, ವಿಷ ಇಲ್ಲ." ಕೂಡಲೇ ಮತ್ತೆ ಎಚ್ಚರಿಸಿದರು: "ನಾನು ಹೇಳ್ದೆ ಅಂತ ವಾಪಸ್ ಬರ್ಬೇಡಿ ಮತ್ತೆ. ಡಾಕ್ಟ್ರು ಬಿಡೋವರೆಗೂ ಅಲ್ಲೇ ಇರ್ಲಿ... ಅವಳು ಹೇಗಿದ್ದಾಳೆ?"

ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು, ಹೊಸ ಚೂಡಿದಾರಿಗೆ ರಕ್ತ ಆಯಿತಲ್ಲ ಅಂತ ಅಳುತ್ತಿದ್ದಳು. ಅದನ್ನೇ ಹೇಳಿದೆ. ಮಾವ ನಕ್ಕರೋ ಅತ್ತರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತು ಮಾವ ಕುಕ್ಕೆಯ ಹೆಣಿಗೆಯ ಸಂದಿಗೆ ಕಣ್ಣಿಟ್ಟು, ನೆಲದ ಮೇಲೆ ಮಂಡಿಯೂರಿ ನೋಡಿದರಂತೆ. ಮೈ ಎಷ್ಟು ನಡುಗುತ್ತಿತ್ತೆಂದರೆ ರೈಟರು ಅವರ ಭುಜ ಹಿಡಿದುಕೊಂಡಿದ್ದರಂತೆ. ಡಾಕ್ಟರು ತಂಗಿಯ ರಕ್ತ ಪರೀಕ್ಷೆ ಮಾಡಿ, ಮಾರನೆಯ ದಿನದವರೆಗೂ ಇಟ್ಟುಕೊಂಡು, ವಿಷವೇನೂ ಇಲ್ಲವೆಂದು ಕಳಿಸಿದರು. ಅಷ್ಟರಲ್ಲಿ ಮಾವ ಅದೆಷ್ಟು ಸಲ ಫೋನು ಮಾಡಿದರೋ. ಪ್ರತಿ ಸಲವೂ ಅದೊಂದೇ ಪ್ರಶ್ನೆ. ಹಾವನ್ನು ಅರಣ್ಯ ಇಲಾಖೆಯವರು ಒಯ್ದು ಬಯಲುಸೀಮೆಗೇ ಬಿಟ್ಟರು. ಮಾವ ಮತ್ತೆ ಕುರ್ಚಿ ಹತ್ತಿದರು. ಭಯ ಒಂದು ಚೂರೂ ಕಡಿಮೆಯಾಗಲಿಲ್ಲ. ನಾನು ಮಾತ್ರ ನಗುವುದನ್ನು ಬಿಟ್ಟೆ... ಇಲ್ಲ, ಸುಳ್ಳು ಯಾಕೆ, ಆಮೇಲೂ ನಗುತ್ತಿದ್ದೆ. ಅವರೂ ಜೊತೆಗೆ ನಗುತ್ತಿದ್ದರು.

ಅವರು ಹೋಗಿ ಕೆಲವು ಮಳೆಗಾಲಗಳಾದವು. ಹಾವಿನಿಂದಲ್ಲ, ಮಲಗಿದ್ದಲ್ಲೇ, ಸುಖವಾಗಿ.

ಕಳೆದ ವಾರ ಕಳಸದಲ್ಲಿರುವ ತಂಗಿಯ ಬಚ್ಚಲಿಗೆ ಹಾವೊಂದು ಬಂದಿತ್ತು. ಬಾಗಿಲು ಹಾಕಿಕೊಂಡು, ಕಿಟಕಿಯಿಂದ ಫೋಟೋ ತೆಗೆದು ಕಳಿಸಿದಳು. ಮೊಬೈಲಿನ ಆ್ಯಪಿಗೆ ಹಾಕಿದೆ. ಹೆಸರು ಬಂತು, ವಿಷವಿಲ್ಲ ಅಂತಲೂ ಬಂತು. ಹಾವು ಹಿಡಿಯುವವರು ಬಂದು ನೋಡಿ ಅದನ್ನೇ ಹೇಳಿದರಂತೆ, ದೂರುವಂತಿಲ್ಲ. ಆದರೂ ನಾನು ಸುಮಾರು ಹೊತ್ತು ಫೋನು ಹಿಡಿದುಕೊಂಡೇ ಕೂತಿದ್ದೆ. ಅವಳು ಹೇಗಿದ್ದಾಳೆ ಅಂತ ಅದು ಕೇಳಲಿಲ್ಲ.