ಮಡಕೆ ಒಡೆದವನಿಗೆ ಬಂಗಡೆ ಸಾರು

ನಂಬಬೇಡಿ. ನಂಬಿ ಎಂದು ನಿಮ್ಮ ಕಾಲು ಹಿಡಿಯುವ ಪೈಕಿ ಅಲ್ಲ ನಾನು. ಅಂಕೋಲೆ ಪೇಟೆಯಲ್ಲಿ ನನ್ನ ಮಾತು ನಂಬಿ ಕೆಟ್ಟವರಿದ್ದಾರೆ, ನಂಬದೆ ಕೆಟ್ಟವರೂ ಇದ್ದಾರೆ. ನೀವು ಯಾವ ಪಂಕ್ತಿಯಲ್ಲಿ ಕೂರುತ್ತೀರೋ ನಿಮ್ಮ ಹಣೆಬರಹ. ಆದರೆ ಊರಿನ ಒಡೆಯನೊಬ್ಬನ ನಾಲಿಗೆಯನ್ನು, ತುಂಬಿದ ದೇವಸ್ಥಾನದಲ್ಲಿ, ತೆರೆದ ಪುರಾಣದ ಎದುರಿಗೇ ಕಟ್ಟಿಹಾಕಿದ ಇಬ್ಬರಲ್ಲಿ ನಾನೊಬ್ಬ. ಮಂತ್ರದಿಂದಲ್ಲ, ಮಾಟದಿಂದಲ್ಲ... ಬಂಗಡೆ ಸಾರಿನಿಂದ.

ಮೊನ್ನೆ ಕಾರವಾರದ ರವಿವಾರದ ಸಂತೆಯಲ್ಲಿ ಒಬ್ಬ ಹೆಂಗಸು ತೆಪ್ಪಲದ ಗೊಂಚಲುಗಳನ್ನು ಬಾಳೆಲೆಯ ಮೇಲೆ ಹರಡಿಕೊಂಡು ಕೂತಿದ್ದಳು. ಘಟ್ಟದ ಮೇಲಿನವರಿಗೆ ಬಿಡಿಸಿ ಹೇಳಬೇಕಾದೀತು. ತೆಪ್ಪಲವೆಂದರೆ ಮೆಣಸಿನ ಕಾಳಿಗಿಂತ ತುಸು ದಪ್ಪಗಿನ ಹಸಿರು ಕಾಯಿ, ಮುಳ್ಳುಮರದ್ದು. ಬಂಗಡೆ, ತಾರ್ಲೆಯಂಥ ಎಣ್ಣೆಮೀನಿನ ಸಾರಿಗೆ ಬೀಜ ತೆಗೆದು, ಸಿಪ್ಪೆ ಜಜ್ಜಿ ಹಾಕುತ್ತಾರೆ. ಉಣ್ಣುವಾಗ ಅದನ್ನು ಎಲೆಯ ಅಂಚಿಗೆ ಸರಿಸಿಬಿಡುತ್ತಾರೆ. ಗೊತ್ತಿಲ್ಲದೆ ಹಸಿ ಕಾಯಿ ಕಚ್ಚಿದಿರೋ, ನಾಲಿಗೆ ನಿಮ್ಮದಲ್ಲ; ಜೋಮು ಹಿಡಿದು ಬಾಯೊಳಗೆ ಬೇರೆ ಯಾರದೋ ಚಪ್ಪಲಿ ಇಟ್ಟ ಹಾಗಾಗುತ್ತದೆ. ನಮ್ಮ ಕಡೆ ಅದನ್ನು ಒಮ್ಮೆಯಾದರೂ ಕಚ್ಚಿ, ಜೊಲ್ಲು ಸುರಿಸಿ ಅಳದ ಮಗು ಇಲ್ಲ. ನಾನು ಒಂದು ಕಾಯಿಯನ್ನು ಉಗುರಿನಿಂದ ಚಿವುಟಿ ಮೂಗಿಗೆ ಹಿಡಿದೆ. ಸಂತೆ ಹೋಯಿತು, ಕಾರವಾರ ಹೋಯಿತು. ಕೇಣಿಯ ಶೇಂದಿ ಗಡಂಗಿನ ಒಡತಿ, ನಾವೆಲ್ಲ 'ಬಾಯಿ' ಎಂದು ಕರೆಯುತ್ತಿದ್ದ ಹೆಂಗಸು, ಒಲೆಯ ಮುಂದಿನಿಂದ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು...

ಉಪ್ಪಿನ ಸತ್ಯಾಗ್ರಹ ಮುಗಿದು ಒಂದೆರಡು ಮಳೆಗಾಲ ಕಳೆದಿತ್ತು. ಕೇಣಿಯಿಂದ ಕಾರವಾರಕ್ಕೆ ಒಣಮೀನಿನ ಗಾಡಿ ಹೊಡೆಯುವುದು ನನ್ನ ಕೆಲಸ. ಕೇಣಿಯ ದಂಡೆಯ ಹಿಂದೆ, ತೆಂಗಿನ ಗರಿಯ ಮಾಡಿನ ಕೆಳಗೆ ಅವಳ ಗಡಂಗು. ಗಂಡ ಸಮುದ್ರಕ್ಕೆ ಹೋದವನು ಬರಲಿಲ್ಲ. ಅವನ ಒಡೆದ ದೋಣಿಯನ್ನೇ ಕವುಚಿ ಹಾಕಿ ಮೇಜು ಮಾಡಿಕೊಂಡಿದ್ದಳು. ಕೂರಲು ಒಂದೇ ಬಾಂಕು, ಅದಕ್ಕೂ ಒಂದು ಕಾಲು ಗಿಡ್ಡ. ತುದಿಯವನು ಹೇಳದೆ ಎದ್ದರೆ ಉಳಿದವರೆಲ್ಲ ಶೇಂದಿಯ ಗಡಿಗೆಯ ಸಮೇತ ಮರಳಿಗೆ. ನಾನು ಯಾವಾಗಲೂ ತುದಿಯಲ್ಲೇ ಕೂರುತ್ತಿದ್ದೆ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅವಳದು ಒಂದು ವಿಚಿತ್ರ ಕಾನೂನು. ಊಟ ಮುಗಿಸದವನಿಗೆ ಶೇಂದಿಯ ಹನಿಯೂ ಇಲ್ಲ. ಬಟ್ಟಲಲ್ಲಿ ಒಂದು ಅಗುಳು ಉಳಿದರೂ ಗಡಿಗೆಯ ಮೇಲಿನ ಕೈ ಎತ್ತುತ್ತಿರಲಿಲ್ಲ.

"ಬಾಯೀ, ನಾವು ಕುಡೂಕೆ ಬಂದವ್ರು, ಉಂಬೂಕೆ ಅಲ್ಲ" ಎಂದು ಹೊಸಬನೊಬ್ಬ ಗೊಣಗಿದ್ದ.

"ಹೌದಾ? ಹಂಗಾರೆ ಸಮುದ್ರ ಅಲ್ಲೇ ಉಂಟಲಾ, ಕುಡ್ಕಂಡು ಹೋಗು" ಎಂದಿದ್ದಳು.

ಅವನು ಉಂಡ. ಮಾರನೆಯ ದಿನ ಶೇಂದಿ ಕೇಳುವುದನ್ನೇ ಮರೆತು ಉಂಡ. ಹಾಗಿತ್ತು ಅವಳ ಕೈ. ಗಜನಿಯ ಉಪ್ಪುನೀರ ಗದ್ದೆಯಲ್ಲಿ ಬೆಳೆದ ಕಗ್ಗದಕ್ಕಿಯ ಕೆಂಪು ಅನ್ನ, ಮೇಲೆ ಬಂಗಡೆ ಸಾರು... ಕಾರವಾರದ ಕಚೇರಿಯ ಕಾರಕೂನರೊಬ್ಬರು ಸರ್ವೀಸು ಮೋಟಾರು ಹತ್ತಿ ಬಂದು, "ಗಾಳಿ ತಕಂಬೂಕೆ ಬಂದೆ" ಎನ್ನುತ್ತ, ಬಟ್ಟಲು ಖಾಲಿಯಾಗುವವರೆಗೂ ಸಮುದ್ರದ ಕಡೆ ತಿರುಗಿ ನೋಡುತ್ತಿರಲಿಲ್ಲ. ಗುಟ್ಟೆಲ್ಲ ಮಡಕೆಯಲ್ಲಿತ್ತು. ಅವಳ ಅತ್ತೆಯ ಕಾಲದ ಮಣ್ಣಿನ ಮಡಕೆ. ಮೀನಿನೆಣ್ಣೆ ಕುಡಿದೂ ಕುಡಿದೂ ಕಲ್ಲಿನ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಬರಿಯ ನೀರು ಕಾಯಿಸಿದರೂ ಅದರಲ್ಲಿ ಸಾರಿನ ರುಚಿ ಬರುತ್ತದೆ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ.

ಗಡಂಗು ನಿಂತ ಜಾಗ ಒಡೆಯನದು. ಪಕ್ಕದ ತೆಂಗಿನ ತೋಟವೂ ಅವನದೇ. ಶ್ರಾವಣ ಬಂತೆಂದರೆ ದೇವಸ್ಥಾನದಲ್ಲಿ ಪುರಾಣ ಓದುವವನೂ ಅವನೇ. ಅವನ ನಾಲಿಗೆಯೂ ಎಲ್ಲರ ನಾಲಿಗೆಯ ಹಾಗೆ ಬಂಗಡೆಯನ್ನೇ ಬೇಡುತ್ತಿತ್ತು. ಬಾಂಕಿನ ಮೇಲೆ ಕೂರಲು ಮರ್ಯಾದೆ ಅಡ್ಡ. ಹಾಗಾಗಿ ನನ್ನ ಕೈಯಲ್ಲಿ ಹಿತ್ತಾಳೆಯ ಡಬ್ಬಿ ಕೊಟ್ಟು ತನ್ನ ತೋಟದ ಗುಡಿಸಲಿಗೆ ತರಿಸಿಕೊಳ್ಳುತ್ತಿದ್ದ. "ನಿಂಗೇ ಅಂತ ಹೇಳು, ನನ್ನ ಹೆಸ್ರು ಎತ್ಬೇಡ" ಎಂದು ತಾಕೀತು. ನಾನು ಮೊದಲ ದಿನವೇ ಬಾಯಿಗೆ ಹೇಳಿಬಿಟ್ಟಿದ್ದೆ. ಗುಟ್ಟು ನನ್ನ ಹೊಟ್ಟೆಯಲ್ಲಿ ಬಂಗಡೆಯ ಹಾಗೆ ತಂಗುವುದಿಲ್ಲ.

ಒಂದು ದಿನ ಅವನು ಗಡಂಗಿನ ಎದುರಿಗೇ ಬಂದು ನಿಂತು, ನಾಳೆಯಿಂದ ತನ್ನ ತೋಟದ ಗುಡಿಸಲಲ್ಲೇ ಬಂದು ಅಡಿಗೆ ಮಾಡಬೇಕೆಂದು ಅವಳಿಗೆ ಅಪ್ಪಣೆ ಮಾಡಿದ. ಅವಳು ಸೌಟು ಇಳಿಸಲಿಲ್ಲ.

"ನನ್ನ ಸಾರು ಬೇಕಾರೆ ಬಾಂಕಿನ ಮೇಲೆ ಜಾಗ ಉಂಟು, ಒಡೆಯಾ. ತುದೀಲಿ ಮಾತ್ರ ಕೂಡ್ಬೇಡಿ, ಅದು ಈ ಪೋಕರಿದು."

ಎಲ್ಲರೂ ನಕ್ಕರು. ಪೋಕರಿ ಎಲ್ಲರಿಗಿಂತ ಜೋರಾಗಿ ನಕ್ಕ. ಒಡೆಯನ ಕಿವಿ ಕೆಂಪಾಗಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಶ್ರಾವಣದ ಮೊದಲ ವಾರ ಅವನು ಸೇಡು ತೀರಿಸಿಕೊಂಡ. ಶೇಂದಿ ಬಿಡಿ ಎನ್ನುವ ಸತ್ಯಾಗ್ರಹದ ಪಿಕೆಟಿಂಗ್ ಹುಡುಗರು ಹಿಂದೆ ಗಡಂಗಿನ ಮುಂದೆ ನಿಂತಿದ್ದರು, ನಿಜ. ಆದರೆ ಅವರು ಕೈಮುಗಿದು ನಿಂತವರು, ಅವರ ಬಿಸಿಲಿಗೆ ಬಾಯಿಯೇ ಮುರುಗಲಹುಳಿಯ ಪಾನಕ ಕೊಟ್ಟಿದ್ದಳು. ಇವನು ಬಂದಿದ್ದು ನಾಲ್ಕು ಆಳುಗಳ ಜೊತೆ, ಕೈಯಲ್ಲಿ ಬೆತ್ತ. ಈ ಶ್ರಾವಣದಲ್ಲೇ, ಪುರಾಣ ಮುಗಿದ ಮೇಲೆ ದೇವಸ್ಥಾನದಲ್ಲಿ ಹತ್ತು ಸಮಸ್ತರು ಕೂತು ಗಡಂಗು ಕೀಳಿಸುತ್ತಾರೆ ಎಂದ. ಹೋಗುವಾಗ ಬೆತ್ತವನ್ನು ಎತ್ತಿ ಒಲೆಯ ಮೇಲಿನ ಮಡಕೆಗೆ ಬೀಸಿದ. ಮಾತಾಡದೆ, ಆರಾಮಾಗಿ, ತೆಂಗಿನ ಗರಿ ಸರಿಸಿದ ಹಾಗೆ. ಕುದಿಯುತ್ತಿದ್ದ ಸಿಗಡಿ ಸಾರು ಬೂದಿಯಲ್ಲಿ ಚುಂಯ್ ಎಂದಿತು.

ಬಾಯಿ ಒಲೆಯ ಮುಂದೆ ಬಗ್ಗಿದಳು. ಬಿಸಿ ಚೂರುಗಳನ್ನು ಒಂದೊಂದಾಗಿ ಸೆರಗಿಗೆ ಆರಿಸಿಕೊಂಡಳು. ನಾನು ಹಾರಾಡಿದೆ: ಅವನ ತೋಟಕ್ಕೆ ಎತ್ತು ಬಿಡುತ್ತೇನೆ, ಅವನ ಬಾವಿಗೆ ಒಣಮೀನು ಹಾಕುತ್ತೇನೆ...

"ನೀ ಎಂತದೂ ಮಾಡ್ಬೇಡ ರೇ" ಎಂದಳು. "ಅವಂಗೆ ನಾನೇ ಉಣ್ಣಿಸ್ತೆ."

ನಾನು ಕೀಟಲೆ ಮಾಡುವವನು. ಅವಳು ಹೇಳಿದ್ದು ಕೀಟಲೆಯಲ್ಲ.

ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ದೋಣಿ ಇಳಿಸಿದರು. ಅದರ ಮುಂದಿನ ಸೋಮವಾರ ವರ್ಷದ ಹೊಸ ಬಂಗಡೆ ಬಂತು, ಬೆನ್ನು ನೀಲಿ, ಹೊಟ್ಟೆ ಬೆಳ್ಳಿ. ಅದೇ ಸೋಮವಾರ ಮಧ್ಯಾಹ್ನದ ಮೇಲೆ ಪುರಾಣದ ಮಂಗಳ, ಆಮೇಲೆ ಗಡಂಗಿನ ತೀರ್ಮಾನ. ಶ್ರಾವಣ ಸೋಮವಾರ ಒಡೆಯನ ಮನೆಯಲ್ಲಿ ಉಪವಾಸ. ನಾನು ಗಾಡಿಯನ್ನು ಅವನ ತೋಟದ ಬದಿಗೆ ನಿಲ್ಲಿಸಿ, ಇರದ ಕೀಲನ್ನು ಸರಿಮಾಡುತ್ತ, ಎತ್ತುಗಳಿಗೆ ಕೇಳುವಂತೆ ಜೋರಾಗಿ ಹೇಳಿದೆ:

"ನಡೀರಾ ಮಕ್ಕಳಿರಾ, ಬಾಯಿಯ ಗಡಂಗಲ್ಲಿ ಇಂದು ಹೊಸ ಬಂಗಡೆಯಂತೆ. ತುಂಬ್ದ ಮೊಟ್ಟೆಯಂತೆ."

ಬೇಲಿಯ ಆಚೆ ಕೆಮ್ಮು ಕೇಳಿತು. ಸುಮ್ಮನಾಯಿತು. ಮತ್ತೆ ಕೆಮ್ಮು. ಕೊನೆಗೆ ಹಿತ್ತಾಳೆಯ ಡಬ್ಬಿ ಬೇಲಿಯ ಮೇಲಿನಿಂದ ಹೊರಗೆ ಬಂತು.

"ಯಾರ ಕಣ್ಣಿಗೂ ಬೀಳ್ಬಾರ್ದು, ನೋಡು" ಎಂದ.

ಡಬ್ಬಿ ಕಂಡಾಗ ಬಾಯಿ ನನ್ನನ್ನು ಕೂರಿಸಿದಳು. ಬುಟ್ಟಿಯಿಂದ ಒಂದು ಮುಷ್ಟಿ ಹಸಿ ತೆಪ್ಪಲ ತೆಗೆದು, ಬೀಜವನ್ನೂ ಬಿಡದೆ, ಕಾಯಿತುರಿಯ ಜೊತೆ ಬೆಣ್ಣೆಯ ಹಾಗೆ ಅರೆದಳು. ಕಹಿ ಮುಚ್ಚಲು ಮೆಣಸು, ಹುಳಿ, ಚೂರು ಬೆಲ್ಲ. ತುದಿಬೆರಳಲ್ಲಿ ಮುಟ್ಟಿ ನೋಡಿ, ಇನ್ನೂ ಒಂದಿಷ್ಟು ಹುಳಿ.

"ಕೆಟ್ಟ ಸಾರು ಕೊಟ್ರೆ ಅವ ಅಲ್ಲೇ ತುಪ್ಪತಾ. ಮೊದ್ಲ ತುತ್ತಿಗೆ ಸ್ವರ್ಗ ಕಾಣ್ಬೇಕು. ಪೂರಾ ಉಂಬೂ ತಂಕ ತಿಳೀಬಾರ್ದು."

ಒಡೆಯ ಗುಡಿಸಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮೊದಲ ತುತ್ತು ಉಂಡ. ಕಣ್ಣು ಮುಚ್ಚಿದ. ಆಮೇಲೆ ಹುಬ್ಬು ಗಂಟಿಕ್ಕಿ, "ಎಂತದೋ ಇದು, ಸಾರಿಗೆ ಮಣ್ಣು ಮಣ್ಣು ಬತ್ತದಲಾ" ಎಂದ.

ಹೊಸ ಮಡಕೆಯ ಮಣ್ಣು! ಹಳೆಯದನ್ನು ಒಡೆದವನೇ ಕೇಳುತ್ತಿದ್ದಾನೆ! ಡಬ್ಬಿಯನ್ನು ಅವನ ತಲೆಯ ಮೇಲೆ ಕವುಚಬೇಕೆಂದಿದ್ದ ಕೈಯನ್ನು ತೊಡೆಯ ಕೆಳಗೆ ಹಾಕಿ ಕೂತೆ. "ಹೊಸ ಮಳೆ ನೀರು, ಒಡೆಯಾ" ಎಂದೆ. ಅವನು ಡಬ್ಬಿಯ ತಳವನ್ನು ಬೆರಳಿನಿಂದ ಒರೆಸಿ ನೆಕ್ಕಿದ. ಕೈತೊಳೆದು, ಶಾಲು ಹೊದ್ದು, ಖಾರವೆಂದು ತಂಬಿಗೆ ನೀರು ಕುಡಿದು ಹೊರಟ. ತೆಪ್ಪಲದ ಮೇಲೆ ನೀರು ಕುಡಿಯುವುದೆಂದರೆ ಬೆಂಕಿಗೆ ಗಾಳಿ ಹಾಕುವುದು.

ದೇವಸ್ಥಾನ ತುಂಬಿತ್ತು. ಒಂದು ಬದಿ ಗಂಡಸರು, ಒಂದು ಬದಿ ಹೆಂಗಸರು, ಬಾಗಿಲಲ್ಲಿ ನಾನು. ಒಡೆಯ ಪುಸ್ತಕ ಬಿಚ್ಚಿ, ಗಂಟಲು ಸರಿಮಾಡಿ, ಬಾಯಿ ತೆರೆದ. ದನಿ ಬಂತು, ಅಕ್ಷರ ಬರಲಿಲ್ಲ. ಹಸುಗೂಸು ಹಾಲು ಕಕ್ಕುವಾಗಿನ ಸದ್ದು. ಮತ್ತೆ ತೆರೆದ, ಕೆಳತುಟಿ ಜಾರಿ, ಜೊಲ್ಲು ದಾರವಾಗಿ ಶಾಲಿಗಿಳಿಯಿತು.

"ಅಯ್ಯೋ, ವಾಯು ಹೊಡೀತು ಕಾಣ್ತದೆ! ಪಂಡಿತ್ರ ಕರೀರಾ" ಎಂದು ಯಾರೋ ಕೂಗಿದರು.

ಕಂಬಕ್ಕೆ ಒರಗಿದ್ದ ಒಬ್ಬ ಹಣ್ಣು ಮುದುಕ ಮುಂದೆ ಬಗ್ಗಿ ಅವನ ತುಟಿಯನ್ನೇ ನೋಡಿ, "ವಾಯು ಅಲ್ರಾ. ತೆಪ್ಪಲ ಕಚ್ಚಿದ ನಾಲ್ಗೆ ಅದು" ಎಂದ.

ಒಡೆಯ ಜೋರಾಗಿ ತಲೆಯಾಡಿಸಿದ. ಅವನನ್ನು ಉಳಿಸಲು ಭಟ್ಟರು, "ಇರ್ಲಿ, ಮನೇಲಿ ಬೇಳೆಗೆ ಹಾಕಿದ್ದಿರ್ಬಹುದು, ತೆಪ್ಪಲ ಅದ್ಕೂ ಹಾಕ್ತ್ರು" ಎಂದರು. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೆಂಗಸರ ಸಾಲಿನಲ್ಲಿ ಒಡೆಯನ ಹೆಂಡತಿ ಎದ್ದು ನಿಂತಳು. ಪಾಪ, ಊರಿನಲ್ಲೇ ಅವಳಷ್ಟು ಕಟ್ಟುನಿಟ್ಟಾಗಿ ಸೋಮವಾರ ಮಾಡುವವರಿಲ್ಲ.

"ಎಂತ ಹೇಳ್ತ್ರಿ ಭಟ್ರೇ? ಶ್ರಾವಣ ಸೋಮಾರ ನಮ್ಮನೇಲಿ ಬೇಳೆಯಾ? ಇಂದು ಒಲೆಗೆ ಬೆಂಕೀನೇ ತೋರ್ಸ್ಲಿಲ್ಲ!"

ಎಲ್ಲರ ತಲೆ ಒಡೆಯನ ಕಡೆ ತಿರುಗಿತು. ಅಷ್ಟರಲ್ಲಿ ದೇವಸ್ಥಾನದ ಬೋಳು ಬಾಲದ ಬೆಕ್ಕು, ಜನರ ಕಾಲುಗಳ ಮಧ್ಯೆ ನುಸುಳಿ ಹೋಗಿ, ಒಡೆಯನ ಬಲಗೈ ಬೆರಳುಗಳನ್ನು ನೆಕ್ಕತೊಡಗಿತು. ತೀರ್ಥದ ಉದ್ಧರಣೆ ಹಿಡಿದು ಬಗ್ಗಿದ್ದ ಭಟ್ಟರು ಒಮ್ಮೆ ಮೂಗೆಳೆದು, ಹಾಗೇ ಹಿಂದೆ ಸರಿದರು. ಆಮೇಲೆ ಎದ್ದ ನಗೆ... ಗಂಟೆಗಳೇ ಅಲ್ಲಾಡಿದವು ಎಂದರೆ ಹೆಚ್ಚಾಯಿತು ಎನ್ನುತ್ತೀರಿ.

ಹತ್ತು ಸಮಸ್ತರಲ್ಲಿ ಹಿರಿಯನು ಶಾಲು ಕೊಡವಿ ಎದ್ದ. "ಇಂದು ಗಡಂಗಿನ ಮಾತು ಬ್ಯಾಡ. ಗಡಂಗೇ ದೇವಸ್ಥಾನಕ್ಕೆ ಬಂದು ಕೂತದೆ" ಎಂದ. ಆ ಮಾತು ಮತ್ತೆಂದೂ ಏಳಲಿಲ್ಲ. ಗಡಂಗು ನಿಂತಲ್ಲೇ ನಿಂತಿತು.

ನಾನು ಗದ್ದೆ ಬದುವಿನ ಹಾಳಿಯ ಮೇಲೆ ಓಡುತ್ತಲೇ ಕೇಣಿಗೆ ಹೋದೆ. ನಿಂತು, ಕೂತು, ಜೊಲ್ಲು ಸುರಿಸಿ ತೋರಿಸಿ, ಬೆಕ್ಕಿನ ಹಾಗೆ ನಡೆದು ಎಲ್ಲವನ್ನೂ ಆಡಿ ತೋರಿಸಿದೆ. ಬಾಯಿ ನಕ್ಕಳು. ಕಂಬ ಹಿಡಿದು ನಕ್ಕಳು, ಬಳೆ ಒಡೆಯುವಂತೆ ನಕ್ಕಳು, ಸೆರಗು ಬಾಯಿಗೆ ತುರುಕಿಕೊಂಡು "ಸಾಕು ರೇ, ಸಾಯ್ತೆ" ಎಂದು ದೋಣಿಯ ಮೇಜಿನ ಮೇಲೆ ಬಿದ್ದು ನಕ್ಕಳು.

ಒಡೆಯ ಆಮೇಲೂ ಬಹಳ ವರ್ಷ ಬದುಕಿದ. ಬದುಕಲಿ ಎಂದೇ ನಾನು ಹರಕೆ ಹೊತ್ತಿದ್ದೆ. ಸತ್ತವನಿಗೆ ನಾಚಿಕೆ ಎಲ್ಲಿಯದು? ಪ್ರತಿ ಶ್ರಾವಣ ಸೋಮವಾರ ಅವನ ಮನೆ ಬಾಗಿಲಿನ ಅಗುಳಿಗೆ ಒಂದು ತೆಪ್ಪಲದ ಗೊಂಚಲು ತೋರಣದ ಹಾಗೆ ತೂಗುತ್ತಿತ್ತು. ಯಾರು ಕಟ್ಟುತ್ತಿದ್ದರೋ, ದೇವರಿಗೇ ಗೊತ್ತು. ಅವನು ಎದುರಾದರೆ ನಾನು ಕೈಮುಗಿದು, ನಾಲಿಗೆಯನ್ನು ತುಸುವೇ ಹೊರಗಿಟ್ಟು, "ಆರಾಮಾ ಒಡೆಯಾ?" ಎನ್ನುತ್ತಿದ್ದೆ. ಪುರಾಣ ಬೇರೆಯವರು ಓದಿದರು. ಪಶ್ಚಾತ್ತಾಪ ಉಂಟೋ ಎಂದು ಕೇಳುತ್ತೀರಾದರೆ, ಉಂಟು. ಎರಡು ಮುಷ್ಟಿ ಅರೆಯಬೇಕಿತ್ತು.

ಬಾಯಿ ಮುಂದೆ ಹೆಚ್ಚು ವರ್ಷ ಇರಲಿಲ್ಲ. ಒಂದು ಮಳೆಗಾಲದ ಮುಂಚೆ ದೇವಬಾಗದ ಅಣ್ಣನ ಮನೆಗೆ ಹೋಗುತ್ತೇನೆಂದು ದೋಣಿ ಹತ್ತಿದಳು. ನಾನು ಆ ಸಲ ಕಾರವಾರಕ್ಕೆ ಗಾಡಿ ಹೊಡೆದವನು ಕಾಳಿ ನದಿ ದಾಟಿ ಹುಡುಕಿಕೊಂಡು ಹೋಗಬಹುದಿತ್ತು. ಮುಂದಿನ ಸಲ ಎಂದುಕೊಂಡೆ... ಮುಂದಿನ ಸಲ ಹೋದಾಗ ಅವಳ ಅಣ್ಣ ಅಂಗಳದಲ್ಲಿ ಬಲೆ ನೇಯುತ್ತಿದ್ದ. ತಲೆ ಎತ್ತದೆ, "ತಡ ಮಾಡ್ದೆ" ಎಂದ, ಅಷ್ಟೇ. ಈಗ ಕೇಣಿಯಲ್ಲಿ ಗಡಂಗಿದ್ದ ಜಾಗ ಯಾವುದೆಂದು ತೋರಿಸಬಲ್ಲವನು ನಾನೊಬ್ಬನೇ. ನನ್ನ ಮಾತನ್ನು ಯಾರೂ ನಂಬುವುದಿಲ್ಲವಾದ್ದರಿಂದ ಆ ಜಾಗವೂ ಇಲ್ಲವೆಂದೇ ಲೆಕ್ಕ.

ಇದರಲ್ಲಿ ನಾನು ಕಟ್ಟಿ ಸೇರಿಸಿದ್ದು ಒಂದೇ ಒಂದು. ಬೆಕ್ಕು ಎಂದುಕೊಂಡಿರಿ. ಅಲ್ಲ, ಬೆಕ್ಕು ಖರೆ. ಆ ದಿನ ಅಲ್ಲಿದ್ದವರು ಯಾರಾದರೂ ಬದುಕಿದ್ದರೆ ಕೇಳಿ ನೋಡಿ.

ಬಾಯಿ ನಗಲಿಲ್ಲ.

ಈ ಕತೆ ಹೇಳಿದಾಗಲೆಲ್ಲ ನಾನು ಅವಳನ್ನು ನಗಿಸುತ್ತ ಬಂದಿದ್ದೇನೆ, ಒಂದೊಂದು ವರ್ಷ ಒಂದಿಷ್ಟು ಹೆಚ್ಚಾಗಿ. ಆ ದಿನ ನಾನು ಕುಣಿದದ್ದನ್ನು ಅವಳು ಸುಮ್ಮನೆ ನೋಡುತ್ತಿದ್ದಳು. "ಪೂರಾ ಉಂಡ್ನಾ?" ಎಂದು ಕೇಳಿದಳು. ತಳ ನೆಕ್ಕಿದ ಎಂದೆ. ತಲೆಯಾಡಿಸಿ, ಹೊಸ ಮಡಕೆಯ ಸಾರನ್ನು ಸೌಟಿನ ತುದಿಯಲ್ಲಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದಳು.

"ಮಣ್ಣು ಮಣ್ಣೇ ಬತ್ತದೆ" ಎಂದಳು, ಒಲೆಯ ಕಡೆ ತಿರುಗಿ.